ವರ್ಷದ ಬಣ್ಣ ಬಿಳಿಯಂತೆ, ಒರೆಸುವವರು ಯಾರಂತೆ?

2026ರ ಬಣ್ಣ ಬಿಳಿ. ಸುದ್ದಿ ನಿಮಗೂ ಮುಟ್ಟಿರುತ್ತದೆ. ಬಣ್ಣಗಳಿಗೆ ನಂಬರು ಕೊಡುವ ಪ್ಯಾಂಟೋನ್ ಸಂಸ್ಥೆ ಘೋಷಿಸಿ ಆಯ್ತು. ಹೆಸರು ‘ಕ್ಲೌಡ್ ಡ್ಯಾನ್ಸರ್’, ನಂಬರು 11-4201. 1999ರ ಕೊನೆಯಿಂದ ವರ್ಷಕ್ಕೊಂದು ಬಣ್ಣಕ್ಕೆ ಪಟ್ಟ ಕಟ್ಟುತ್ತ ಬಂದವರು ಇವರು. ಬಿಳಿಗೆ ಆ ಯೋಗ ಬಂದದ್ದು ಇದೇ ಮೊದಲು. 2021ರಲ್ಲಿ ಬೂದು ಬಣ್ಣವನ್ನು ಆರಿಸಿ, ಅದು ತೀರಾ ಸಪ್ಪೆ ಅನಿಸಿತೋ ಏನೋ, ಜೊತೆಗೆ ಒಂದು ಹಳದಿಯನ್ನೂ ಕೂರಿಸಿದ್ದರು. 2025ರಲ್ಲಿ ಕಂದು. ಈ ಸಲ ತಜ್ಞರೆಲ್ಲ ಕೂತು, ಜಗತ್ತನ್ನೆಲ್ಲ ಅಳೆದು ತೂಗಿ, ಕೊನೆಗೆ ಹುಡುಕಿ ತಂದದ್ದು ಸುಣ್ಣದ ಬಣ್ಣ. ದುಡ್ಡು ಸಾಲದೆ ಪ್ರೈಮರ್ ಹೊಡೆಸಿ ಅಲ್ಲಿಗೇ ಕೆಲಸ ನಿಲ್ಲಿಸಿದವರೆಲ್ಲ ರಾತ್ರೋರಾತ್ರಿ ಫ್ಯಾಷನ್ನಿನ ಮುಂದಿನ ಸಾಲಿಗೆ ಬಂದುಬಿಟ್ಟರು. ಅಭಿನಂದನೆಗಳು.

ಕಾರಣವನ್ನೂ ಕೊಟ್ಟಿದ್ದಾರೆ. ಜಗತ್ತಿನಲ್ಲಿ ಗದ್ದಲ ಜಾಸ್ತಿಯಾಗಿದೆಯಂತೆ, ಈ ಬಿಳಿ ಮನಸ್ಸಿಗೆ ನೆಮ್ಮದಿ ಕೊಡುತ್ತದಂತೆ. ಇರಬಹುದು. ಅಂಗಡಿಯಲ್ಲಿ ಬಿಳಿ ಸೋಫಾ ಕಂಡಾಗ ನನಗೂ ನೆಮ್ಮದಿಯಾಗುತ್ತದೆ. ಅದು ಅಂಗಡಿಯದ್ದು ಎನ್ನುವ ನೆಮ್ಮದಿ. ಈಗಿನ ಸೋಫಾಗಳಿಗೆ ಹಾಕುವುದೋ ಬೂಕ್ಲೆ ಬಟ್ಟೆ. ಮೈತುಂಬ ಗುಂಗುರು ನೂಲು, ದೂರದಿಂದ ನೋಡಿದರೆ ತೊಳೆದು ನಿಲ್ಲಿಸಿದ ಕುರಿಮರಿ. ಹತ್ತಿರ ಹೋಗಿ ಆ ಗುಂಗುರನ್ನು ಬಿಡಿಸಿ ನೋಡಿ. ಒಂದರಲ್ಲಿ ಬಿಸ್ಕತ್ತಿನ ಪುಡಿ, ಇನ್ನೊಂದರಲ್ಲಿ ಕೂದಲು, ಮತ್ತೊಂದರಲ್ಲಿ ಬೆಕ್ಕಿನ ಉಗುರು ಸಿಕ್ಕಿ ಎಳೆದುಕೊಂಡು ಬಂದ ಉದ್ದದ ದಾರ. ಇನ್ನು ಮುಚ್ಚಳ ತೆಗೆದ ಸ್ಕೆಚ್ ಪೆನ್ನು ಹಿಡಿದ ಎರಡು ವರ್ಷದ ಮಗು ಈ ಮೋಡದ ಮುಂದೆ ಬಂದು ನಿಂತರೆ ಯಾರ ನೆಮ್ಮದಿ ಎಲ್ಲಿರುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಆದರೆ ಮಗು ಆ ಫೋಟೋದಲ್ಲಿ ಇರುವುದಿಲ್ಲ. ಯಾರೂ ಇರುವುದಿಲ್ಲ. ರಾತ್ರಿ ಮಲಗುವ ಮುಂಚೆ ಫೋನಿನ ಮೇಲೆ ಬೆರಳಾಡಿಸಿದರೆ ಸಾಕು, ಮನೆಯ ಮೇಲೆ ಮನೆ, ಮನೆಯ ಮೇಲೆ ಮನೆ, ಒಂದರಲ್ಲೂ ಜನ ಇಲ್ಲ. ಊರಿಗೆ ಊರೇ ಖಾಲಿ ಮಾಡಿಸಿ ತೆಗೆದಂತಿವೆ. ಟೀವಿ ಇದೆ, ವೈರಿಲ್ಲ. ಟೇಬಲ್ ಲ್ಯಾಂಪ್ ಇದೆ, ಪ್ಲಗ್ ಪಾಯಿಂಟ್ ಇಲ್ಲ. ಅಡುಗೆಮನೆಯ ಕಲ್ಲಿನ ಮೇಲೆ ಒಂದು ಬಟ್ಟಲು ನಿಂಬೆಹಣ್ಣು, ಅದು ಬಿಟ್ಟರೆ ಏನೂ ಇಲ್ಲ. ಆ ನಿಂಬೆಹಣ್ಣನ್ನು ಯಾರೂ ಹಿಂಡಿದ್ದಿಲ್ಲ, ಹಿಂಡುವುದೂ ಇಲ್ಲ. ಸೋಫಾದ ದಿಂಬುಗಳ ನೆತ್ತಿಯ ಮೇಲೆ ಕೈಯಂಚಿನಿಂದ ಒಂದೊಂದು ಏಟು ಕೊಟ್ಟು ನಡುವೆ ತಗ್ಗು ಮಾಡಿರುತ್ತಾರೆ. ಅದು ಸ್ಟೈಲಿಂಗ್. ಅದೇ ದಿಂಬಿನ ಮೇಲೆ ನಾವು ತಲೆಯಿಟ್ಟು ತಗ್ಗು ಮಾಡಿದರೆ ಅದು ಗಲೀಜು.

ಪುಸ್ತಕಗಳ ಗತಿ ಇನ್ನೂ ಚೆನ್ನಾಗಿದೆ. ಬೆನ್ನಿನ ಮೇಲಿನ ಬಣ್ಣಬಣ್ಣದ ಹೆಸರುಗಳು ಗೋಡೆಯ ಶಾಂತಿ ಕೆಡಿಸುತ್ತವೆ ಅಂತ ಎಲ್ಲವನ್ನೂ ತಿರುಗಿಸಿ ನಿಲ್ಲಿಸಿಬಿಟ್ಟಿದ್ದಾರೆ. ನಮಗೆ ಕಾಣುವುದು ಹಾಳೆಗಳ ಅಂಚು ಮಾತ್ರ, ಎಲ್ಲ ಒಂದೇ ಸಮ ತಿಳಿ ಹಳದಿ. ಹಾಗಾದರೆ ಬೇಕಾದ ಪುಸ್ತಕ ಎಲ್ಲಿದೆ ಅಂತ ತಿಳಿಯೋದು ಹೇಗೆ? ತಿಳಿಯುವ ಅಗತ್ಯ ಇರುವವರು ಇಂಥ ಮನೆ ಮಾಡಿಸಿಕೊಳ್ಳೋದಿಲ್ಲ ಬಿಡಿ.

ಎಷ್ಟೋ ಸಲ ಮನೆಯೇ ಇರುವುದಿಲ್ಲ. ಪೀಠೋಪಕರಣ ಮಾರುವ ಐಕಿಯಾ ಕಂಪನಿಯ ಚಿತ್ರಗಳಲ್ಲಿ ಪೂರ್ತಿ ಕಂಪ್ಯೂಟರಿನಲ್ಲೇ ಹುಟ್ಟಿದ ಮೊದಲ ಕುರ್ಚಿ ಕಾಣಿಸಿಕೊಂಡದ್ದು 2006ರಲ್ಲಿ. ಯಾರಿಗೂ ಗೊತ್ತಾಗಲಿಲ್ಲ. 2014ರ ಹೊತ್ತಿಗೆ ಅವರ ಸಾಮಾನುಗಳ ಚಿತ್ರಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಹಾಗೆ ಹುಟ್ಟಿದವೇ ಆಗಿದ್ದವು. ಅದರಲ್ಲಿ ಮುಚ್ಚುಮರೆ ಏನಿಲ್ಲ, ಅವರೇ ಹೇಳಿಕೊಂಡದ್ದು. ಇಂಥ ಚಿತ್ರ ಮಾಡುವವರಿಗೆ ಕಷ್ಟದ ಕೆಲಸ ಯಾವುದು ಗೊತ್ತೇ? ಹಾಸಿಗೆಯ ಬಟ್ಟೆಗೆ ನಂಬುವಂಥ ಸುಕ್ಕು ಮೂಡಿಸುವುದು. ಸುಕ್ಕಿಲ್ಲದಿದ್ದರೆ ಸುಳ್ಳು ಅಂತ ಗೊತ್ತಾಗಿಬಿಡುತ್ತದೆ. ಹಾಗಾಗಿ ಅದಕ್ಕೆಂದೇ ಪರಿಣತರು ಕೂತು ಗಂಟೆಗಟ್ಟಲೆ ಸುಕ್ಕು ಬರೆಯುತ್ತಾರೆ. ನಮ್ಮ ಹಾಸಿಗೆಗಳ ಮೇಲೆ ಅದು ಪುಕ್ಕಟೆ ಬೀಳುತ್ತದೆ, ಆದ್ದರಿಂದ ಅದಕ್ಕೆ ಬೆಲೆಯಿಲ್ಲ. ಈಗಂತೂ ಎಐ ಬಂದು ಕೂತಿದೆ. ಅದು ಬರೆದ ಮನೆಯಲ್ಲಿ ಮೆಟ್ಟಿಲು ಹತ್ತುತ್ತ ಹೋದರೆ ಗೋಡೆಯೊಳಗೆ ಕರಗಿಹೋಗುತ್ತೀರಿ. ಅದಕ್ಕೂ ಕೆಳಗೆ ‘ನಮ್ಮ ಮುಂದಿನ ಮನೆ ಹೀಗೇ ಇರಬೇಕು’ ಅಂತ ಹೃದಯಗಳನ್ನು ಒತ್ತಿದವರು ಸಾವಿರಾರು.

ಇದೆಲ್ಲ ಈ ಕಾಲದ ಹುಡುಗರ ಹುಚ್ಚಾಟ ಅಂತ ಬೈಯುವ ಮುಂಚೆ ದೊಡ್ಡವರನ್ನು ಸ್ವಲ್ಪ ಮಾತಾಡಿಸೋಣ. ಸಮಕಾಲೀನ ಮನೆ ಅಂದರೆ ಬಿಳಿ ಗೋಡೆ, ಚಪ್ಪಟೆ ತಾರಸಿ, ಉದ್ದುದ್ದ ಕಿಟಕಿ ಅಂತ ನಮಗೆ ಕಲಿಸಿದ ವಾಸ್ತುಶಿಲ್ಪಿಗಳಲ್ಲಿ ಲ ಕಾರ್ಬೂಸಿಯೆ ದೊಡ್ಡ ಹೆಸರು. ಪ್ಯಾರಿಸ್ ಹತ್ತಿರದ ಪ್ವಾಸಿಯಲ್ಲಿ 1931ಕ್ಕೆ ಮುಗಿದ ಅವರ ವಿಲ್ಲಾ ಸವೋಯ್ ಇವತ್ತು ಯುನೆಸ್ಕೋ ಪಟ್ಟಿಯಲ್ಲಿದೆ. ಕಂಬಗಳ ಮೇಲೆ ನಿಂತ ಬಿಳಿ ಪೆಟ್ಟಿಗೆ. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಅದರ ಮುಂದೆ ಕೈಮುಗಿದು ನಿಲ್ಲುತ್ತಾರೆ. ಮನೆಯ ಯಜಮಾನಿ ಮದಾಮ್ ಸವೋಯ್ ಮಾತ್ರ ಬಕೆಟ್ ಹಿಡಿದು ನಿಲ್ಲಬೇಕಾಯಿತು. ಹಾಲ್‌ನಲ್ಲಿ ಮಳೆ ಬೀಳುತ್ತಿದೆ, ರ‍್ಯಾಂಪಿನ ಮೇಲೆ ಮಳೆ ಬೀಳುತ್ತಿದೆ, ಗ್ಯಾರೇಜಿನ ಗೋಡೆ ನೆನೆದುಹೋಗಿದೆ, ಬಾತ್‌ರೂಮಿನಲ್ಲೂ ಮಳೆ ಅಂತ ಅವರು 1936ರಲ್ಲಿ ಕಾಗದ ಬರೆದರು. ಮರುವರ್ಷ ಕೋರ್ಟಿನ ಮಾತು ಬಂತು. ಮಹಾಶಯರು ರಿಪೇರಿ ಮಾಡಿಸೋಣ ಅಂದು, ಜೊತೆಗೆ ಒಂದು ಸಲಹೆಯನ್ನೂ ಕೊಟ್ಟರಂತೆ. ಕೆಳಗಿನ ಹಾಲ್‌ನಲ್ಲಿ ಒಂದು ಅತಿಥಿ ಪುಸ್ತಕ ಇಡಿ, ಎಂತೆಂಥವರ ಸಹಿ ಸಂಗ್ರಹವಾಗುತ್ತದೆ ನೋಡಿ, ಅಂತ. ಮನೆಯೊಳಗೆ ಮಳೆ ಬರುವಾಗ ಪುಸ್ತಕ ಎಲ್ಲಿಡಬೇಕು ಅಂತ ಆಕೆ ಕೇಳಿದರೋ ಇಲ್ಲವೋ.

ಇದೇ ಮನುಷ್ಯ ಮೆಡಿಟರೇನಿಯನ್ ದಂಡೆಯಲ್ಲಿ ತನ್ನ ರಜೆಗೆಂದು ಕಟ್ಟಿಕೊಂಡದ್ದು ಏನು? ಒಂದು ಮರದ ಗುಡಿಸಲು. 1952ರಲ್ಲಿ ಸಿದ್ಧವಾಯಿತು. 3.66 ಮೀಟರ್ ಉದ್ದ, ಅಷ್ಟೇ ಅಗಲ. ಅಡುಗೆಮನೆ ಇಲ್ಲ. ಪಕ್ಕದ ಊಟದ ಅಂಗಡಿಗೆ ನೇರ ಹೋಗಲು ಒಂದು ಬಾಗಿಲು ಮಾತ್ರ. ಬುದ್ಧಿವಂತ.

ಮೀಸ್ ವಾನ್ ಡೆರ್ ರೋಹೆ ಇನ್ನೊಬ್ಬರು. ಅಮೆರಿಕದ ಇಲಿನಾಯ್ಸ್‌ನಲ್ಲಿ ಡಾಕ್ಟರ್ ಈಡಿತ್ ಫಾರ್ನ್ಸ್‌ವರ್ತ್ ಅವರಿಗೆ ಕಟ್ಟಿಕೊಟ್ಟ ಗಾಜಿನ ಮನೆ 1951ರಲ್ಲಿ ಮುಗಿಯಿತು. ನಾಲ್ಕೂ ಕಡೆ ಗಾಜು, ನಡುವೆ ಗೋಡೆಗಳಿಲ್ಲ. ಬೇಸಿಗೆಯಲ್ಲಿ ಒಳಗೆ ಬೇಯಬೇಕು, ಚಳಿಗಾಲದಲ್ಲಿ ಗಾಜಿನ ಮೇಲೆ ನೀರು ಇಳಿಯುತ್ತದೆ, ರಾತ್ರಿ ದೀಪ ಹಾಕಿದರೆ ಸುತ್ತಲಿನ ಹುಳುಗಳೆಲ್ಲ ನೆಂಟರು. ಪಕ್ಕದಲ್ಲೇ ನದಿ ಬೇರೆ. ಪ್ರವಾಹ ಬರುತ್ತದೆ ಅಂತ ಮನೆಯನ್ನು ನೆಲದಿಂದ ಮೇಲೆತ್ತಿ ಕಟ್ಟಿದ್ದರು. ನದಿಗೆ ಆ ನಕ್ಷೆ ತೋರಿಸಿರಲಿಲ್ಲ, ಅದು ಒಳಗೂ ಬಂತು. ಸಿಂಕಿನ ಕೆಳಗೆ ಕಸದ ಬುಟ್ಟಿ ಇಡಲೂ ಆಗುವುದಿಲ್ಲ, ರಸ್ತೆಯಿಂದ ಅಡುಗೆಮನೆ ಪೂರ್ತಿ ಕಾಣುತ್ತದೆ ಅಂತ ಆಕೆ ಪತ್ರಿಕೆಯವರ ಮುಂದೆ ಗೋಳು ತೋಡಿಕೊಂಡರು. ಫೀಸಿನ ಜಗಳ ಕೋರ್ಟಿಗೂ ಹೋಯಿತು. ಹೆಸರಾಂತ ಡಾಕ್ಟರು ತನ್ನ ದುಡ್ಡಿನಲ್ಲಿ, ತನ್ನ ಜಾಗದಲ್ಲಿ ಮನೆ ಕಟ್ಟಿಸಿ, ಒಂದು ಕಸದ ಬುಟ್ಟಿಗೆ ಜಾಗ ಇಲ್ಲ ಅಂತ ಕೊರಗಿದರು. ಮನೆ ಮಾತ್ರ ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ.

ಅಮೆರಿಕದ ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ಅವರು ಜಾನ್ಸನ್ ವ್ಯಾಕ್ಸ್ ಎನ್ನುವ ಕಂಪನಿಯ ಕಚೇರಿಗೆ ಮೂರು ಕಾಲಿನ ಕುರ್ಚಿ ಮಾಡಿಕೊಟ್ಟರು. ನೆಟ್ಟಗೆ, ಎರಡೂ ಪಾದ ನೆಲಕ್ಕೂರಿ ಕೂರದಿದ್ದರೆ ಉರುಳುತ್ತದೆ. ಕೊನೆಗೆ ರೈಟ್ ಅವರೇ ಒಮ್ಮೆ ಉರುಳಿದರು, ಆಮೇಲೆ ನಾಲ್ಕನೇ ಕಾಲು ಬಂತು ಅನ್ನುವ ಕಥೆ ಇದೆ. ಎಲ್ಲ ವಿನ್ಯಾಸಕಾರರಿಗೂ ಇಂಥ ಒಂದು ಅವಕಾಶ ಸಿಗಲಿ.

ಆದರೂ ಒಪ್ಪಬೇಕು, ಅವರು ಏನೋ ಹೊಸದನ್ನು ಹುಡುಕುತ್ತಿದ್ದರು. ತಾರಸಿ ಸೋರಿದರೂ ತಲೆಯೊಳಗೆ ಒಂದು ವಿಚಾರ ಇತ್ತು. ಈಗಿನವರ ತಲೆಯಲ್ಲಿರುವುದು ಕ್ಯಾಮೆರಾ. ಉದಾಹರಣೆಗೆ ಫ್ಲೂಟೆಡ್ ಪ್ಯಾನೆಲ್ ಅಂತ ಬಂದಿದೆ. ಗೋಡೆಯ ತುಂಬ ಬೆರಳಗಲದ ಉದ್ದುದ್ದ ತೋಡು, ಒಂದರ ಪಕ್ಕ ಒಂದು, ನೆಲದಿಂದ ಸೂರಿನವರೆಗೆ. ಬೆಳಕು ಬಿದ್ದರೆ ಫೋಟೋದಲ್ಲಿ ಎಷ್ಟು ಚೆಂದ! ಮೂರು ವಾರ ಬಿಟ್ಟು ಹೋಗಿ ನೋಡಿ. ಪ್ರತಿ ತೋಡಿನಲ್ಲೂ ಧೂಳು ತಳವೂರಿರುತ್ತದೆ. ದೊಡ್ಡ ಬಟ್ಟೆಯಲ್ಲಿ ಒರೆಸಿದರೆ ಉಬ್ಬು ಮಾತ್ರ ಸ್ವಚ್ಛ, ತಗ್ಗು ಹಾಗೇ. ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಒಂದೊಂದೇ ತೋಡಿನಲ್ಲಿ ಮೇಲಿನಿಂದ ಕೆಳಗೆ ಎಳೆಯಬೇಕು. ಸೂರಿನ ಹತ್ತಿರದ್ದಕ್ಕೆ ಸ್ಟೂಲು ಹತ್ತಬೇಕು. ಅದು ಮುಗಿಯುವ ಹೊತ್ತಿಗೆ ಮೊದಲಿನದರಲ್ಲಿ ಮತ್ತೆ ಧೂಳು.

ಹ್ಯಾಂಡಲ್ ಇಲ್ಲದ ಬೀರುಗಳದ್ದೂ ಇದೇ ಹಣೆಬರಹ. ಹ್ಯಾಂಡಲ್ ಇದ್ದರೆ ಗೆರೆ ಕೆಡುತ್ತದಂತೆ. ಆದ್ದರಿಂದ ಬಾಗಿಲನ್ನೇ ಒತ್ತಬೇಕು. ಒತ್ತಿದ ಜಾಗದಲ್ಲಿ ಬೆರಳ ಗುರುತು. ಅಡುಗೆ ಮಾಡುವ ಕೈಯಾದರೆ ಎಣ್ಣೆಯ ಬೆರಳ ಗುರುತು. ಬಾಗಿಲು ಬಿಳಿ, ಮ್ಯಾಟ್ ಫಿನಿಷ್. ತಿಂಗಳು ಕಳೆಯುವುದರೊಳಗೆ ಹ್ಯಾಂಡಲ್ ಇರಬೇಕಾಗಿದ್ದ ಜಾಗದಲ್ಲೇ, ಅದೇ ಅಳತೆಯ ಒಂದು ಕಂದು ಮಚ್ಚೆ ಎದ್ದಿರುತ್ತದೆ.

ಮೆಟ್ಟಿಲುಗಳ ವಿಷಯಕ್ಕೆ ಬಂದರೆ ಮಾತ್ರ ನನಗೆ ನಗು ಬರುವುದಿಲ್ಲ. ಗೋಡೆಯಿಂದ ಚಾಚಿಕೊಂಡ ಹಲಗೆಗಳು, ನಡುವೆ ಖಾಲಿ, ಪಕ್ಕದಲ್ಲಿ ಹಿಡಿಕೆ ಇಲ್ಲ. ‘ತೇಲುವ ಮೆಟ್ಟಿಲು’ ಅಂತ ಹೊಗಳುತ್ತಾರೆ. ಕಂಬಿಗಳ ನಡುವೆ 10 ಸೆಂಟಿಮೀಟರಿಗಿಂತ ಜಾಸ್ತಿ ಸಂದಿ ಬಿಡಬಾರದು ಅಂತ ಹಲವು ದೇಶಗಳ ಕಟ್ಟಡ ನಿಯಮ ಹೇಳುವುದು ಸುಮ್ನೆ ಅಲ್ಲ. ಆ ಸಂದಿಯಲ್ಲಿ ಮಗುವಿನ ತಲೆ ತೂರಬಾರದು ಅಂತ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಪ್ರಪಂಚದಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಎಲ್ಲರೂ ಮೆಟ್ಟಿಲಿನಿಂದಲೇ ಬಿದ್ದವರಲ್ಲ. ಆದರೆ ಅವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ಮನೆಗೆ ದುಡ್ಡು ಸುರಿದವರೂ ಒಂದು ದಿನ ಅರವತ್ತು ದಾಟುತ್ತಾರೆ, ಮಂಡಿ ನೋಯುತ್ತದೆ, ರಾತ್ರಿ ಎದ್ದು ಕೆಳಗೆ ಇಳಿಯಬೇಕಾಗುತ್ತದೆ. ಒಂದು ಕೈಹಿಡಿಕೆ ಹಾಕಿದರೆ ಫೋಟೋ ಕೆಡುತ್ತದೆ ಅನ್ನುವವನಿಗೆ ಏನು ಹೇಳೋದು? ಸಾಕಾಗಿದೆ. ನೋಡುವವರಿಗೆ ಅರೆಕ್ಷಣದ ಖುಷಿ ಕೊಡುವುದಕ್ಕೆ ವಾಸ ಮಾಡುವವರ ಸೊಂಟ ಮುರಿಯಬೇಕಾ? ಇದಕ್ಕೆ ಡಿಸೈನ್ ಅಂತ ಕರೆಯೋದು ಬೇರೆ.

ಬಣ್ಣದ ಮಾತಿಗೆ ಬಂದರೆ ನನಗೆ ಇಷ್ಟವಾದದ್ದು ನೀಲಿ. ಎಲ್ಲ ನೀಲಿಯಲ್ಲ, 1926ರ ಒಂದು ನೀಲಿ. ಮಾರ್ಗರೆಟೆ ಶುಟ್ಟೆ-ಲಿಹೊಟ್ಸ್ಕಿ ಎನ್ನುವ ಆಸ್ಟ್ರಿಯಾದ ವಾಸ್ತುಶಿಲ್ಪಿ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗೆ ಅಡುಗೆಮನೆ ವಿನ್ಯಾಸ ಮಾಡಿದರು. 1.9 ಮೀಟರ್‌ಗೆ 3.4 ಮೀಟರ್, ಅಷ್ಟೇ ಜಾಗ. ಅದಕ್ಕೆ ನೀಲಿ ಬಳಿಸಿದರು. ಕಾರಣ, ನೀಲಿಯ ಮೇಲೆ ನೊಣ ಕೂರೋದಿಲ್ಲ ಅಂತ ಆಗಿನ ಸಂಶೋಧಕರು ಹೇಳಿದ್ದರು. ಮನಸ್ಸಿನ ಗದ್ದಲದ ಮಾತಿಲ್ಲ, ನೊಣದ ಮಾತು. ಅಡುಗೆ ಮಾಡುವವರು ಎಷ್ಟು ಹೆಜ್ಜೆ ನಡೆಯುತ್ತಾರೆ ಅಂತ ಲೆಕ್ಕ ಹಾಕಿ ಒಲೆ, ಸಿಂಕು, ಕಪಾಟು ಜೋಡಿಸಿದರು. ಹಿಟ್ಟಿಗೆ ಹುಳು ಹಿಡಿಯದಿರಲಿ ಅಂತ ಓಕ್ ಮರದ ಡಬ್ಬ. ಸೂರಿನ ಕಂಬಿಯ ಮೇಲೆ ಅತ್ತಿತ್ತ ಸರಿಸಬಹುದಾದ ದೀಪ. ಕುಳಿತು ಹೆಚ್ಚಲು ತಿರುಗುವ ಸ್ಟೂಲು. ಹೆಚ್ಚಿದ ಸಿಪ್ಪೆ ಹಾಗೇ ಜಾರಿಸಲು ಹಲಗೆಯಲ್ಲೇ ಕಸದ ಡ್ರಾಯರ್! ಡಾಕ್ಟರ್ ಫಾರ್ನ್ಸ್‌ವರ್ತ್‌ಗೆ ಇಪ್ಪತ್ತೈದು ವರ್ಷಗಳ ನಂತರವೂ ಸಿಗದ ಭಾಗ್ಯ. ಹತ್ತು ಸಾವಿರದಷ್ಟು ಮನೆಗಳಿಗೆ ಇದೇ ಅಡುಗೆಮನೆ ಹೋಯಿತು. ತಾನು ಅಲ್ಲಿಯವರೆಗೆ ಅಡುಗೆಯನ್ನೇ ಮಾಡಿರಲಿಲ್ಲ ಅಂತ ಆಕೆಯೇ ಮುಂದೆ ಹೇಳಿಕೊಂಡರು. ಮಾಡಿರಲಿಲ್ಲ, ಆದರೆ ಮಾಡುವವರನ್ನು ನೋಡಿದ್ದರು. ಇಬ್ಬರು ಒಟ್ಟಿಗೆ ನಿಲ್ಲಲಾಗದಷ್ಟು ಇಕ್ಕಟ್ಟು, ಡಬ್ಬಗಳು ಮಕ್ಕಳ ಕೈಗೆಟಕುತ್ತವೆ, ಇಂಥ ದೂರುಗಳೂ ಇದ್ದವು. ಅವು ನಿಜವಾಗಿ ಬಳಸಿದವರ ದೂರುಗಳು.

ಈಗಿನ ಡಿಸೈನರ್ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿ. ‘ಪೊರಕೆ ಎಲ್ಲಿಡೋದು?’

‘ಅದಕ್ಕೆ ಯುಟಿಲಿಟಿ ಇದೆಯಲ್ಲ ಸರ್.’

‘ಯುಟಿಲಿಟಿ ಎಲ್ಲಿದೆ?’

‘ಅದನ್ನ ತೆಗೆದು ರೀಡಿಂಗ್ ಕಾರ್ನರ್ ಮಾಡಿದ್ದೀವಲ್ಲ ಸರ್. ನೀವೇ ಫೋಟೋ ಕಳಿಸಿದ್ರಿ.’

ಹೌದು, ಫೋಟೋ ಕಳಿಸುವವರು ನಾವೇ. ಅದನ್ನೂ ಬರೆದುಕೊಳ್ಳಿ.

ಇನ್ನು ಮಲಗುವ ಕೋಣೆಗೂ ಬಚ್ಚಲಿಗೂ ನಡುವೆ ಗೋಡೆ ಒಡೆದು ಗಾಜು ನಿಲ್ಲಿಸುವ ಹೊಸ ಖಯಾಲಿಯ ಬಗ್ಗೆಯೂ ಬರೆಯಬೇಕಿತ್ತು. ಜಾಗ ದೊಡ್ಡದಾಗಿ ಕಾಣುತ್ತದಂತೆ. ಜಾಗ ಮಾತ್ರವಲ್ಲ ಸ್ವಾಮಿ, ಎಲ್ಲವೂ ಕಾಣುತ್ತದೆ. ಕೆಲವು ಕಡೆ ಗಾಜೂ ಬೇಡ ಅಂತ ಬಾತ್‌ಟಬ್ಬನ್ನು ಮಂಚದ ಕಾಲ ಬಳಿಗೇ ತಂದು ಇಟ್ಟಿದ್ದಾರೆ. ನೆಂಟರು ಬಂದಾಗ ಏನು ಮಾಡಬೇಕು ಅಂತ ಕೇಳಿದರೆ, ಪರದೆ ಹಾಕಿಕೊಳ್ಳಬಹುದು, ಆದರೆ ನಮ್ಮ ಸಲಹೆ ಅದಲ್ಲ ಅಂತಾರೆ. ಚಿಲಕ ಇರುವ ಒಂದು ಬಾಗಿಲು ಹಾಕಿಕೊಡಿ ಮಾರಾಯ್ರೆ, ಬಿಳಿ ಬಣ್ಣವನ್ನೇ ಹೊಡೆಯಿರಿ ಬೇಕಾದರೆ.