ಸತ್ಯಾಂಶ: ಸೈಂಟ್ ಮೇರೀಸ್ ದ್ವೀಪದ ಕಂಬಗಳು ಮತ್ತು ಭೂಮಿಯ ವಯಸ್ಸು

ಮಲ್ಪೆಯಾಚೆಯ ಸೈಂಟ್ ಮೇರೀಸ್ ದ್ವೀಪದ ಚಿತ್ರದೊಂದಿಗೆ ಉಡುಪಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಹರಿದಾಡುತ್ತಿದೆ: ಲಾವಾ ಕೆಲವೇ ವರ್ಷಗಳಲ್ಲಿ ತಣಿದು ಕಂಬಗಳಾಗುತ್ತದೆ, ಆದ್ದರಿಂದ ಭೂಮಿಗೆ ಆರು ಸಾವಿರ ವರ್ಷ ಮಾತ್ರ.

ಇದರ ಮೊದಲರ್ಧದಲ್ಲಿ ತಪ್ಪಿಲ್ಲ. ಲಾವಾ ತಣಿದು ಕುಗ್ಗುವಾಗ ಬಿರುಕುಗಳು ಒಳಕ್ಕಿಳಿದು ಐದಾರು ಮುಖಗಳ ಕಂಬಗಳಾಗುತ್ತವೆ. ಇದಕ್ಕೆ ಯುಗಗಳೇನೂ ಬೇಕಿಲ್ಲ. ಆದರೆ ನೀರುದೋಸೆ ಎರಡು ನಿಮಿಷದಲ್ಲಿ ಬೇಯುತ್ತದೆಂದು ತಿಳಿದ ಮಾತ್ರಕ್ಕೆ ತಟ್ಟೆಯಲ್ಲಿರುವುದು ಇಂದಿನದೋ ನಿನ್ನೆಯದೋ ತಿಳಿಯುವುದಿಲ್ಲವಷ್ಟೆ.

ಕಲ್ಲು ಯಾವಾಗ ಗಟ್ಟಿಯಾಯಿತೆಂಬುದನ್ನು ಹೇಳುವುದು ಅದರೊಳಗಿನ ಪೊಟ್ಯಾಸಿಯಂ. ಅದರ ವಿಕಿರಣಶೀಲ ರೂಪವಾದ ಪೊಟ್ಯಾಸಿಯಂ-40, ಅರ್ಧದಷ್ಟು ಬೇರೆ ಧಾತುಗಳಾಗಿ ಬದಲಾಗಲು ಸುಮಾರು 125 ಕೋಟಿ ವರ್ಷ ತೆಗೆದುಕೊಳ್ಳುತ್ತದೆ ಮತ್ತು ಅದರ ಒಂದು ಪಾಲು ಆರ್ಗಾನ್ ಅನಿಲವಾಗುತ್ತದೆ. ಕರಗಿದ ಲಾವಾದಿಂದ ಹೊರಹೋಗುವ ಈ ಅನಿಲ, ಕಲ್ಲು ಗಟ್ಟಿಯಾದ ಮೇಲೆ ಹರಳುಗಳಲ್ಲಿ ಸೆರೆಯಾಗಿ ಕೂಡಿಕೊಳ್ಳುವುದರಿಂದ, ಎರಡರ ಪ್ರಮಾಣವನ್ನು ಅಳೆದು ವಯಸ್ಸನ್ನು ಲೆಕ್ಕ ಹಾಕುತ್ತಾರೆ. ದ್ವೀಪದ ಕಲ್ಲುಗಳಿಗೆ ಹೀಗೆ ದೊರೆತಿರುವ ವಯಸ್ಸು ಸುಮಾರು ಒಂಬತ್ತು ಕೋಟಿ ವರ್ಷ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲವೂ ಅದೇ, ಅಲ್ಲಿಯೂ ಅದೇ ವಯಸ್ಸಿನ ಲಾವಾ ಕಲ್ಲುಗಳಿವೆ.

ಸಮುದ್ರದ ಉಪ್ಪಿನ ವಾದವೂ ಅದೇ ಸಂದೇಶದಲ್ಲಿದೆ: ನದಿಗಳು ಉಪ್ಪನ್ನು ತಂದು ಸುರಿಯುತ್ತಲೇ ಇರುವುದರಿಂದ, ಭೂಮಿ ಹಳೆಯದಾಗಿದ್ದರೆ ಸಮುದ್ರ ಇನ್ನೂ ಹೆಚ್ಚು ಉಪ್ಪಾಗಿರಬೇಕಿತ್ತು ಎಂಬುದು. ನದಿಗಳು ಉಪ್ಪನ್ನು ತರುತ್ತವೆ ನಿಜ, ಆದರೆ ಅದು ಕೆಸರಿನಲ್ಲೂ ಉಪ್ಪಿನ ಪದರಗಳಲ್ಲೂ ಹೊರಹೋಗುತ್ತದೆ. 1899ರಲ್ಲಿ ಐರಿಷ್ ವಿಜ್ಞಾನಿ ಜಾನ್ ಜೋಲಿ ಸಮುದ್ರದ ಉಪ್ಪಿನಿಂದ ಭೂಮಿಯ ವಯಸ್ಸನ್ನು ಲೆಕ್ಕ ಮಾಡಿದಾಗ ಹೊರಹೋಗುವುದನ್ನು ಸರಿಯಾಗಿ ಗಣಿಸದೆಯೂ ಬಂದ ಉತ್ತರ 8–9 ಕೋಟಿ ವರ್ಷ, ಆರು ಸಾವಿರವಲ್ಲ. ಉಲ್ಕಾಶಿಲೆಗಳ ಅಳತೆಯಿಂದ ಭೂಮಿಗೆ ಇಂದು ಒಪ್ಪಿರುವ ವಯಸ್ಸು ಸುಮಾರು 454 ಕೋಟಿ ವರ್ಷ.