ಅರ್ಧ ಮಿಲಿಮೀಟರ್ ಕಣ್ಣು

ಕಣ್ಣು ಬಿಡಿಸುವಾಗ ಉಸಿರಾಡಬಾರದು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಒಂದಿಪ್ಪತ್ತು ಸಿಪಾಯಿಗಳನ್ನು ಮೆಳ್ಳೆಗಣ್ಣರನ್ನಾಗಿ ಮಾಡಿದ ಮೇಲೆ ತಾನಾಗಿ ಗೊತ್ತಾಯಿತು. ಮೊಣಕೈ ಎರಡನ್ನೂ ಮೇಜಿನ ಮೇಲೆ ಊರಬೇಕು. ಮಣಿಕಟ್ಟುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯಬೇಕು. ಅರ್ಧ ಉಸಿರು ಹೊರಗೆ ಬಿಟ್ಟು ಅಲ್ಲೇ ತಡೆದು, ಆಮೇಲೆ ಬ್ರಷ್ಷಿನ ತುದಿ ಮುಟ್ಟಿಸಬೇಕು. ಬಂದೂಕು ಹಿಡಿದು ಗುರಿಯಿಡುವವರೂ ಹೀಗೇ ಮಾಡುತ್ತಾರಂತೆ. ನನ್ನ ಗುರಿಯ ಅಗಲ ಅರ್ಧ ಮಿಲಿಮೀಟರ್, ಅಷ್ಟೇ ವ್ಯತ್ಯಾಸ.

ನಾನು ಹೇಳುತ್ತಿರುವುದು ಮೇಜಿನ ಮೇಲೆ ಆಡುವ ಯುದ್ಧದಾಟದ ಮಿನಿಯೇಚರ್‌ಗಳ, ಅಂದರೆ ಪುಟ್ಟ ಗೊಂಬೆಗಳ ಬಗ್ಗೆ. ಇವುಗಳಲ್ಲಿ ಬಹಳ ಚಾಲ್ತಿಯಲ್ಲಿರುವ ಅಳತೆ 28 ಮಿಲಿಮೀಟರ್. ಅದನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕು ಎನ್ನುವುದರಲ್ಲೇ ಜಗಳವಿದೆ. ಕೆಲವರು ಅಂಗಾಲಿನಿಂದ ನೆತ್ತಿಗೆ ಅಳೆಯುತ್ತಾರೆ. ಇನ್ನು ಕೆಲವರು ಕಣ್ಣಿನವರೆಗೆ ಸಾಕು ಅನ್ನುತ್ತಾರೆ, ಯಾಕಂದರೆ ಟೋಪಿ, ಶಿರಸ್ತ್ರಾಣ ಹಾಕಿಕೊಂಡವನ ನೆತ್ತಿ ಎಲ್ಲಿದೆ ಅಂತ ಹುಡುಕುವುದು ಯಾರು? ಅಂತೂ ಕಣ್ಣು ಇಲ್ಲೂ ಬಂತು.

ನಿಜ ಹೇಳಬೇಕೆಂದರೆ ಆಟಕ್ಕೆ ಬಣ್ಣವೇ ಬೇಕಿಲ್ಲ. ಹಿಂದಿನ ಜರ್ಮನ್ ರಾಜ್ಯವಾದ ಪ್ರಷ್ಯಾದ ಸೇನಾಧಿಕಾರಿಗಳು ಯುದ್ಧದಾಟವನ್ನು ತರಬೇತಿಗೆ ಬಳಸತೊಡಗಿದ್ದು 1824ರ ಹೊತ್ತಿಗೆ. ಅದಕ್ಕೆ ಕ್ರೀಗ್‌ಶ್ಪೀಲ್ ಅಂತ ಹೆಸರು. ನಕ್ಷೆಯ ಮೇಲೆ ಅವರು ಸರಿಸುತ್ತಿದ್ದದ್ದು ಪುಟ್ಟ ಪುಟ್ಟ ತುಂಡುಗಳನ್ನು. ಒಂದು ಕಡೆಯವರದು ಕೆಂಪು, ಇನ್ನೊಂದು ಕಡೆಯವರದು ನೀಲಿ, ಮುಗಿಯಿತು. ನಿಜವಾದ ಯುದ್ಧಕ್ಕೆ ಹೋಗಬೇಕಾದವರಿಗೆ ಅಷ್ಟು ಸಾಕಾಗಿತ್ತು. ಯಾವ ಯುದ್ಧಕ್ಕೂ ಹೋಗದ ನಾವು ಮಾತ್ರ ಕೋಟಿನ ಗುಂಡಿಗೆ ಒಂದೊಂದಾಗಿ ಬಣ್ಣ ಹಚ್ಚುತ್ತಾ ಕೂತಿದ್ದೇವೆ.

ಆ ಕೋಟಿನ ಕಥೆ ಬೇರೆ ಇದೆ. ನಾನೀಗ ಹಚ್ಚುತ್ತಿರುವುದು 1815ರ ವಾಟರ್ಲೂ ಕದನದ ಕಾಲದ ಬ್ರಿಟಿಷ್ ಕಾಲಾಳುಗಳಿಗೆ. ಕೆಂಪು ಕೋಟು, ಅದರಲ್ಲೇನಿದೆ ಅಂದುಕೊಂಡು ಶುರು ಮಾಡಿದೆ. ಯಾವ ಕೆಂಪು? ಸಾಮಾನ್ಯ ಸಿಪಾಯಿಯ ಕೋಟಿಗೆ ಮ್ಯಾಡರ್ ಗಿಡದ ಬೇರಿನ ಬಣ್ಣ, ಅದು ಸ್ವಲ್ಪ ಮಂಕು. ಅಧಿಕಾರಿಯ ಕೋಟಿಗೆ ಕೊಚಿನೀಲ್ ಎಂಬ ಹುಳುವಿನಿಂದ ಬರುವ ಕೆಂಪು, ಅದು ಝಗಮಗ. ಮಳೆ ಬಿಸಿಲಿಗೆ ಸಿಕ್ಕ ಮೇಲೆ ಸಿಪಾಯಿಯ ಕೋಟು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಕಾಲರ್ ಮತ್ತು ತೋಳಿನ ಪಟ್ಟಿಗೆ ಒಂದೊಂದು ರೆಜಿಮೆಂಟಿಗೆ ಒಂದೊಂದು ಬಣ್ಣ: ಹಳದಿ, ಹಸಿರು, ಬಫ್ ಎಂಬ ಮಾಸಲು ಹಳದಿ. ಹೆಸರಿನಲ್ಲಿ 'ರಾಯಲ್' ಇದ್ದರೆ ಕಡು ನೀಲಿ. ಇದೆಲ್ಲ ಗೊತ್ತಾಗುವ ಹೊತ್ತಿಗೆ ನನ್ನ ಹನ್ನೆರಡು ಜನರಿಗೆ ಎಂಥದ್ದೋ ಟೊಮೇಟೊ ಕೆಂಪು ಬಳಿದಾಗಿತ್ತು. ತಪ್ಪು ಹಿಡಿಯುವವರಿಗೆ ಈ ಹವ್ಯಾಸದಲ್ಲಿ ಬರವಿಲ್ಲ. ಗುಂಡಿ ಎಣಿಸುವವರು ಅಂತಲೇ ಅವರನ್ನು ಕರೆಯುತ್ತಾರೆ.

ಹಾಗಾದರೆ ಓರ್ಕ್ ಎಂಬ ಕಟ್ಟುಕಥೆಯ ರಾಕ್ಷಸ, ಡ್ರ್ಯಾಗನ್, ಇಂಥವಕ್ಕೆ ಬಣ್ಣ ಹಚ್ಚಿದರಾಯಿತು, ಅಲ್ವಾ? ನೇರಳೆ ಬಣ್ಣದ ಡ್ರ್ಯಾಗನ್ ಇರುವುದಿಲ್ಲ ಅಂತ ಸಾಕ್ಷಿ ಹೇಳಲು ಯಾರು ಬರುತ್ತಾರೆ? ನಾನೂ ಹಾಗೇ ಅಂದುಕೊಂಡಿದ್ದೆ. ಒಬ್ಬ ಓರ್ಕ್‌ನ ಚಡ್ಡಿಗೆ ಯಾವ ಬಣ್ಣ ಎಂದು ಮೂರು ವಾರ ಯೋಚಿಸಿದೆ. ಕಂದು ಹಚ್ಚಿದರೆ ಸಪ್ಪೆ, ಕೆಂಪು ಹಚ್ಚಿದರೆ ಸರ್ಕಸ್ಸು. ಕೊನೆಗೆ ಅವನು ಮೊದಲ ಲೇಪವಾದ ಬೂದು ಪ್ರೈಮರ್‌ನಲ್ಲೇ ಡಬ್ಬಿ ಸೇರಿದ. ಅವನ ಜೊತೆಗೆ ಇನ್ನೂ ನಲವತ್ತು ಜನ ಇದ್ದಾರೆ. ಇತಿಹಾಸದ ಸಿಪಾಯಿಯೇ ವಾಸಿ. ಅವನ ಪ್ಯಾಂಟಿನ ವಿಷಯದಲ್ಲಿ ಇನ್ನೂರು ವರ್ಷದ ಹಿಂದೆಯೇ ಯಾರೋ ತಲೆ ಕೆಡಿಸಿಕೊಂಡು ಮುಗಿಸಿದ್ದಾರೆ.

ಬಣ್ಣ ಹಚ್ಚುವುದರಲ್ಲಿ ನನಗೆ ತುಂಬಾ ಇಷ್ಟವಾದದ್ದು ವಾಶ್. ಗೊಂಬೆ ಚಿಕ್ಕದಾದ್ದರಿಂದ ಕೋಣೆಯ ದೀಪಕ್ಕೆ ಅದರ ಮೈಮೇಲೆ ನೆರಳೇ ಸರಿಯಾಗಿ ಬೀಳುವುದಿಲ್ಲ. ಕೋಟಿನ ಮಡಿಕೆ ಕಾಣುವುದಿಲ್ಲ, ಬೆರಳುಗಳೆಲ್ಲ ಅಂಟಿಕೊಂಡ ಹಾಗಿರುತ್ತವೆ. ನೆರಳನ್ನೂ ನಾವೇ ಹಚ್ಚಬೇಕು. ವಾಶ್ ಅಂದರೆ ನೀರಾದ ಕಪ್ಪು-ಕಂದು ಬಣ್ಣ. ಅದನ್ನು ಮೈಮೇಲೆ ಹರಿಯಬಿಟ್ಟರೆ ಅದು ತಾನೇ ಇಳಿದು ತಗ್ಗಿನಲ್ಲೆಲ್ಲ ನಿಲ್ಲುತ್ತದೆ. ಹಚ್ಚಿದ ತಕ್ಷಣ ಗೊಂಬೆ ಚರಂಡಿಯಿಂದ ಎದ್ದು ಬಂದ ಹಾಗೆ ಕಾಣುತ್ತದೆ. ಹಾಳಾಯಿತಲ್ಲ ಅನ್ನಿಸುತ್ತದೆ. ಆಗ ಸುಮ್ನೆ ಎದ್ದು ಹೋಗಬೇಕು. ಕೈ ಹಾಕಿದರೆ ಕೆಟ್ಟಿತು. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಬೆರಳುಗಳು ಬೇರೆ ಬೇರೆಯಾಗಿವೆ. ಕೆನ್ನೆಯ ಕೆಳಗೆ ಗುಳಿ ಬಿದ್ದಿದೆ. ನಿನ್ನೆಯವರೆಗೆ ಪ್ಲಾಸ್ಟಿಕ್ ಆಗಿದ್ದವನು ಎರಡು ದಿನದಿಂದ ಊಟ ಮಾಡದವನ ಹಾಗೆ ನೋಡುತ್ತಾನೆ.

ಅಲ್ಲ, ನೋಡುವುದಿಲ್ಲ. ಕಣ್ಣು ಇನ್ನೂ ಆಗಿಲ್ಲವಲ್ಲ.

ಹೊಸಬರು ಇಲ್ಲಿ ಮಾಡುವ ತಪ್ಪು ಬ್ರಷ್ಷಿನದು. ಸಣ್ಣ ಕಣ್ಣಿಗೆ ಸಣ್ಣ ಬ್ರಷ್ ಬೇಕು ಅಂದುಕೊಂಡು ಮೂರು ಸೊನ್ನೆ ನಂಬರಿನ ಬ್ರಷ್ ತರುತ್ತಾರೆ. ಅದರಲ್ಲಿರುವುದೇ ನಾಲ್ಕು ಕೂದಲು. ಬಣ್ಣ ತೆಗೆದುಕೊಂಡು ಮುಖದ ಹತ್ತಿರ ತರುವಷ್ಟರಲ್ಲಿ ಒಣಗಿರುತ್ತದೆ. ಒಂದನೇ ನಂಬರಿನದು, ಹೊಟ್ಟೆ ದಪ್ಪಗಿದ್ದು ತುದಿ ಚೂಪಾಗಿರುವುದು, ಅದೇ ಸರಿ. ಮೊದಲು ಕಣ್ಣಿನ ಜಾಗಕ್ಕೆ ಕಡು ಕಂದು. ಅದರೊಳಗೆ ಬಿಳಿಯ ಸಣ್ಣ ಗೀಟು. ಅಪ್ಪಟ ಬಿಳಿ ಬೇಡ, ಸ್ವಲ್ಪ ಮಾಸಿದ ಬಿಳಿ. ಆಮೇಲೆ ಪಾಪೆ. ಪಾಪೆಯನ್ನು ಚುಕ್ಕೆಯಾಗಿ ಇಟ್ಟರೆ ಭೂತ ಕಂಡವನ ಹಾಗೆ ಬೆಚ್ಚಿಬಿದ್ದಿರುತ್ತಾನೆ. ಮೇಲಿನಿಂದ ಕೆಳಗೆ ಸಣ್ಣ ಗೆರೆ ಎಳೆದರೆ ಮನುಷ್ಯನಾಗುತ್ತಾನೆ. ಎಡಗಣ್ಣು ಚೆನ್ನಾಗಿ ಬರುತ್ತದೆ. ಬಲಗಣ್ಣು ಅದಕ್ಕೆ ಹೊಂದಬೇಕಲ್ಲ, ಅಲ್ಲಿ ಎಡವಟ್ಟು. ಬಲಗಣ್ಣು ಸರಿಮಾಡಲು ಹೋಗಿ ಎಡಗಣ್ಣು ಕೆಡುತ್ತದೆ. ಎಡಗಣ್ಣು ತಿದ್ದುವಾಗ ಮೂಗಿನ ಮೇಲೊಂದು ಚುಕ್ಕೆ ಬೀಳುತ್ತದೆ. ನಾಲ್ಕನೇ ಸಲ ತಿದ್ದುವಾಗ ಮುಖದ ಮೇಲೆ ಬಣ್ಣ ಗಾರೆಯ ಹಾಗೆ ದಪ್ಪಗಾಗಿರುತ್ತದೆ.

ಇಷ್ಟೆಲ್ಲ ಯಾಕೆ? ಆಡುವಾಗ ಗೊಂಬೆ ಮೂರಡಿ ದೂರದಲ್ಲಿರುತ್ತದೆ. ಅಲ್ಲಿಂದ ಕಣ್ಣಿರಲಿ, ತಲೆ ಇದೆಯೋ ಇಲ್ಲವೋ ಅನ್ನುವುದೇ ಸಂಶಯ. ಕಣ್ಣು ಬಿಡಿಸದೆ ನೆರಳಲ್ಲೇ ಬಿಟ್ಟುಬಿಡಿ ಎಂದು ಅನುಭವಸ್ಥರು ಬುದ್ಧಿ ಹೇಳುತ್ತಾರೆ. ಒಳ್ಳೆಯ ಸಲಹೆ. ನಾನೂ ಬೇರೆಯವರಿಗೆ ಕೊಡುತ್ತೇನೆ.

ನನ್ನ ಪಡೆಯಲ್ಲಿ ಒಬ್ಬ ಇದ್ದಾನೆ. ಅವನ ಒಂದು ಕಣ್ಣು ಶತ್ರುವಿನ ಮೇಲೆ, ಇನ್ನೊಂದು ತನ್ನದೇ ಕಿವಿಯ ಮೇಲೆ. ಆರು ಸಲ ತಿದ್ದಿ ಕೈಬಿಟ್ಟೆ. ಯಾರಿಗೂ ಕಾಣದಿರಲಿ ಅಂತ ಅವನನ್ನು ಹಿಂದಿನ ಸಾಲಿಗೆ, ಎತ್ತರದ ಟೋಪಿಯವನ ಬೆನ್ನ ಹಿಂದೆ ನಿಲ್ಲಿಸಿದೆ. ಆದರೆ ನಾವು ಆಡುವ ಆಟದಲ್ಲಿ ಒಂದು ನಿಯಮವಿದೆ. ಗುಂಡು ಯಾರಿಗೇ ತಾಗಲಿ, ಗೊಂಬೆ ತೆಗೆಯುವುದು ಹಿಂದಿನ ಸಾಲಿನಿಂದ. ಮುಂದಿನ ಸಾಲು ಖಾಲಿಯಾಗಬಾರದಲ್ಲ, ಅದಕ್ಕೆ.

ಮೊದಲ ಸುತ್ತಿನಲ್ಲೇ ಎದುರಾಳಿಯ ಫಿರಂಗಿಗೆ ಒಬ್ಬ ಬಿದ್ದ. ನಾನು ಕೈ ಚಾಚುವ ಮೊದಲೇ ಗೆಳೆಯ ಉಪಕಾರ ಮಾಡುವವನ ಹಾಗೆ ಹಿಂದಿನಿಂದ ಒಬ್ಬನನ್ನು ಎತ್ತಿಕೊಂಡ. ಎತ್ತಿದವನು ಕೆಳಗಿಡಲಿಲ್ಲ. ದೀಪದ ಹತ್ತಿರ ಹಿಡಿದ. ಕನ್ನಡಕ ಹಣೆಗೆ ಏರಿಸಿದ. ಇನ್ನೂ ಹತ್ತಿರ ತಂದುಕೊಂಡ.

"ಇವನ್ಯಾಕೋ ಹೀಗೆ ನೋಡ್ತಿದ್ದಾನೆ?" ಅಂದ.

"ಫಿರಂಗಿ ಯಾವ ಕಡೆಯಿಂದ ಬರುತ್ತೆ ಅಂತ," ಅಂದೆ. "ದಾಳ ಹಾಕು."