ಜೆಡ್ಡಾದ ಆ ಒಂಬತ್ತು ನಿಮಿಷ

ನಿನ್ನೆ ನೆಂಟರ ಮನೆಯ ಗೃಹಪ್ರವೇಶದಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲಿ ನಾಲ್ಕು ಜನ ಹುಡುಗರು ಒಂದೇ ಮೊಬೈಲ್ ಮೇಲೆ ಬಾಗಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಇಣುಕಿ ನೋಡಿದರೆ ಟಿವಿಯಲ್ಲಿ ಬರುವ ಡಬ್ಲ್ಯುಡಬ್ಲ್ಯುಇ ಕುಸ್ತಿಯ ಅಂಡರ್‌ಟೇಕರ್ ಮತ್ತು ಗೋಲ್ಡ್‌ಬರ್ಗ್. 2019ರ ಜೂನ್ 7ರ ರಾತ್ರಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ನಡೆದ ಪಂದ್ಯ. ವಯಸ್ಸಾದವನೊಬ್ಬ ವಯಸ್ಸಾದ ಇನ್ನೊಬ್ಬನನ್ನು ಎತ್ತಲಾರದೆ ತಲೆ ಕೆಳಗಾಗಿ ಬೀಳಿಸುವ ಕೆಲವೇ ಸೆಕೆಂಡುಗಳ ತುಣುಕು. ಅದಕ್ಕೆ ಯಾರೋ ತಮಾಷೆಯ ಸಂಗೀತ ಸೇರಿಸಿದ್ದರು. ಹುಡುಗರು ಅದನ್ನೇ ತಿರುಗಿಸಿ ತಿರುಗಿಸಿ ಹಾಕಿ ನೋಡುತ್ತಿದ್ದರು. ಆಮೇಲೆ ಎಲೆಯ ಮುಂದೆ ಕುಳಿತರೂ ನನಗೆ ತುತ್ತು ಇಳಿಯಲಿಲ್ಲ. ಮನೆಗೆ ಬಂದು ಪೂರ್ತಿ ಪಂದ್ಯವನ್ನು ಇನ್ನೊಮ್ಮೆ ನೋಡಿದೆ. ಸಿಟ್ಟು ಇಳಿಯುವ ಬದಲು ಏರಿತು. ಅದಕ್ಕೇ ಈ ಬರಹ.

ನನ್ನ ಈ ಹುಚ್ಚು ನಿಮ್ಮಲ್ಲಿ ಬಹಳ ಜನಕ್ಕೆ ಹೊಸದಲ್ಲ. ಈ ಕುಸ್ತಿಪಟುಗಳ ಚಿತ್ರವಿದ್ದ ಟ್ರಂಪ್ ಕಾರ್ಡ್‌ಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋದ ತಲೆಮಾರು ನಮ್ಮದು. ಎತ್ತರ, ತೂಕ, ಎದೆಯ ಸುತ್ತಳತೆ, ಗೆದ್ದ ಪಂದ್ಯಗಳು. ಆರು ಅಡಿ ಹತ್ತು ಇಂಚಿನ ಅಂಡರ್‌ಟೇಕರ್ ಕೈಗೆ ಬಂದರೆ ಆ ಸುತ್ತು ನಮ್ಮದೇ ಎಂಬ ಧೈರ್ಯ. ಅವನು ಏಳು ಸಲ ಸತ್ತು ಎದ್ದು ಬಂದವನು ಎಂಬ ಸುದ್ದಿ ಯಾವ ಊರಿನ ಶಾಲೆಯ ಅಂಗಳದಲ್ಲಿ ಇರಲಿಲ್ಲ ಹೇಳಿ! ಗಂಟೆ ಬಾರಿಸಿ, ದೀಪಗಳೆಲ್ಲ ಆರಿ, ಆ ಉದ್ದ ಕೋಟಿನವನು ನಿಧಾನವಾಗಿ ನಡೆದು ಬಂದರೆ ಕೇಬಲ್ ಟಿವಿಯ ಮುಂದೆ ಕುಳಿತ ನಾವು ಉಸಿರು ಬಿಗಿಹಿಡಿಯುತ್ತಿದ್ದೆವು. ಗೋಲ್ಡ್‌ಬರ್ಗ್ ಬಂದದ್ದು ಸ್ವಲ್ಪ ತಡವಾಗಿ, 1997ರಲ್ಲಿ, ಎದುರಾಳಿ ಕಂಪನಿಯಲ್ಲಿ. ಮೂಗಿನಿಂದ ಹೊಗೆ ಬಿಡುತ್ತ ಬಂದು, ಎರಡೇ ಪಟ್ಟು ಹಾಕಿ, ಎರಡು ಮೂರು ನಿಮಿಷದಲ್ಲಿ ಮುಗಿಸಿ ಹೋಗುವವನು. ಇವರಿಬ್ಬರು ಎದುರಾದರೆ ಗೆಲ್ಲುವವರು ಯಾರು ಎಂದು ನಾನೂ ನನ್ನ ತಮ್ಮನೂ ಎಷ್ಟು ರಾತ್ರಿ ಜಗಳ ಆಡಿದ್ದೇವೋ ಲೆಕ್ಕವಿಲ್ಲ.

ಆ ಜಗಳಕ್ಕೆ ಉತ್ತರ ಸಿಕ್ಕಿದ್ದು ಇಪ್ಪತ್ತು ವರ್ಷ ಕಳೆದ ಮೇಲೆ. ಆಗ ಅಂಡರ್‌ಟೇಕರ್‌ಗೆ 54, ಗೋಲ್ಡ್‌ಬರ್ಗ್‌ಗೆ 52. ಅದಕ್ಕೂ ಮೊದಲು ಇಬ್ಬರೂ ಒಬ್ಬರ ಎದುರು ಒಬ್ಬರು ಒಂದೇ ಒಂದು ಪಂದ್ಯವನ್ನೂ ಆಡಿರಲಿಲ್ಲ.

ಆಗಿದ್ದು ಇಷ್ಟು. ಆರಂಭ ಚೆನ್ನಾಗಿಯೇ ಇತ್ತು. ಪ್ರವೇಶಗಳು ಮೈ ಜುಮ್ಮೆನ್ನಿಸಿದವು. ಗೋಲ್ಡ್‌ಬರ್ಗ್ ಓಡಿ ಬಂದು ಹೆಗಲಿನಿಂದ ಗುದ್ದಿ ಕೆಡವುವ ತನ್ನ ಸ್ಪಿಯರ್ ಹಾಕಿದ, ಜನ ಕೂಗಿದರು. ಆಮೇಲೆ ಮೂಲೆಯಲ್ಲಿದ್ದ ಅಂಡರ್‌ಟೇಕರ್ ಮೇಲೆ ಮತ್ತೆ ನುಗ್ಗಿದ. ಅವನು ಪಕ್ಕಕ್ಕೆ ಸರಿದ. ಗೋಲ್ಡ್‌ಬರ್ಗ್ ಹೋಗಿ ಉಕ್ಕಿನ ಕಂಬಕ್ಕೆ ತಲೆ ಬಡಿದುಕೊಂಡ. ಹಣೆಯಿಂದ ರಕ್ತ ಇಳಿಯಿತು. ಪಂದ್ಯ ನನ್ನ ಪಾಲಿಗೆ ಅಲ್ಲಿಗೇ ಮುಗಿಯಿತು. ಅಲ್ಲಿಂದ ಮುಂದೆ ರಿಂಗ್‌ನಲ್ಲಿದ್ದುದು ಕಣ್ಣು ಮಂಜಾಗಿ ಕಾಲು ತಡವರಿಸುತ್ತಿದ್ದ ಒಬ್ಬ ಮನುಷ್ಯ. ಕಂಬಕ್ಕೆ ಬಡಿದುಕೊಂಡು ತನಗೆ ಪ್ರಜ್ಞೆ ತಪ್ಪಿತ್ತೆಂದು ಅವನೇ ಆಮೇಲೆ ಬರೆದುಕೊಂಡ, ಅಭಿಮಾನಿಗಳಿಗೆ ನಿರಾಸೆ ಮಾಡಿದೆನೆಂದು ನೊಂದುಕೊಂಡ. ಆದರೂ ಪಂದ್ಯ ಮುಂದುವರಿಯಿತು. ಅಂಡರ್‌ಟೇಕರ್ ಅವನನ್ನು ತಲೆಕೆಳಗು ಮಾಡಿ ಟೂಮ್‌ಸ್ಟೋನ್ ಹಾಕಿದ. ಆಮೇಲೆ ಗೋಲ್ಡ್‌ಬರ್ಗ್ ಜಾಕ್‌ಹ್ಯಾಮರ್ ಹಾಕಲು ಹೊರಟ.

ಈ ಪಟ್ಟುಗಳ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ನಗುವವರಿಗೆ ಗೊತ್ತಿಲ್ಲದ್ದು ಇದೇ. ಟೂಮ್‌ಸ್ಟೋನ್‌ನಲ್ಲಿ ಎದುರಾಳಿಯ ತಲೆ ಹಾಕುವವನ ತೊಡೆಗಳ ನಡುವೆ, ಮಂಡಿಗಿಂತ ಮೇಲೆ ಇರಬೇಕು. ಇವನು ಮಂಡಿಯೂರಿದಾಗ ನೆಲಕ್ಕೆ ತಾಗುವುದು ಇವನ ಮಂಡಿ ಮತ್ತು ಕಣಕಾಲು ಮಾತ್ರ. ಎದುರಾಳಿಯ ತಲೆಗೂ ನೆಲಕ್ಕೂ ನಡುವೆ ನಾಲ್ಕು ಬೆರಳಿನಷ್ಟು ಜಾಗ. ಆ ನಾಲ್ಕು ಬೆರಳಿನ ಜಾಗವೇ ಒಬ್ಬ ಮನುಷ್ಯನ ಕತ್ತು. 1997ರ ಆಗಸ್ಟ್‌ನಲ್ಲಿ ಓವನ್ ಹಾರ್ಟ್ ಇಂಥದ್ದೇ ಒಂದು ಪಟ್ಟು ಹಾಕುವಾಗ ಆ ಜಾಗ ತಪ್ಪಿ ಸ್ಟೀವ್ ಆಸ್ಟಿನ್ ಕೆಲಕಾಲ ಕೈಕಾಲು ಆಡಿಸಲಾರದೆ ಬಿದ್ದಿದ್ದ. ಜಾಕ್‌ಹ್ಯಾಮರ್ ಬೇರೆ ಬಗೆ. ಎದುರಾಳಿಯನ್ನು ನೆಟ್ಟಗೆ ತಲೆಕೆಳಗಾಗಿ ಗಾಳಿಯಲ್ಲಿ ನಿಲ್ಲಿಸಿ, ಅಲ್ಲೇ ತಿರುಗಿಸಿ, ಬೆನ್ನು ಕೆಳಗಾಗುವಂತೆ ಕೆಡವಬೇಕು. ಎತ್ತಿಸಿಕೊಳ್ಳುವವನು ತಾನೂ ನೆಗೆಯಬೇಕು. ಎತ್ತುವವನು ನಡುವೆ ಕೈಸೋತರೆ ಮೇಲಿರುವವನಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಜೆಡ್ಡಾದಲ್ಲಿ ಕೈಸೋತಿತು. ಅಂಡರ್‌ಟೇಕರ್ ನೆಟ್ಟಗೆ ತಲೆಯ ಮೇಲೆ, ಕತ್ತು ಮಡಚುವಂತೆ ಬಿದ್ದ. ಹುಡುಗರು ನಗುತ್ತಿದ್ದ ತುಣುಕು ಇದೇ. ಇನ್ನೊಂದು ಇಂಚು ಆಚೆ ಈಚೆ ಆಗಿದ್ದರೆ ಇವತ್ತು ಆ ವಿಡಿಯೊಗೆ ಯಾರೂ ಸಂಗೀತ ಸೇರಿಸುತ್ತಿರಲಿಲ್ಲ.

ಅಷ್ಟಕ್ಕೂ ನಿಲ್ಲಲಿಲ್ಲ. ಗೋಲ್ಡ್‌ಬರ್ಗ್ ತಿರುಗಿ ಅವನಿಗೇ ಟೂಮ್‌ಸ್ಟೋನ್ ಹಾಕಲು ಎತ್ತಿದ. ಇಬ್ಬರೂ ಬುಡ ಕಡಿದ ಮರದಂತೆ ಒಟ್ಟಿಗೆ ಉರುಳಿದರು. ಕೊನೆಗೆ ಅಂಡರ್‌ಟೇಕರ್ ಕತ್ತು ಹಿಡಿದೆತ್ತಿ ಕೆಡವಿದ ಒಂದು ಅರೆಬರೆ ಚೋಕ್‌ಸ್ಲ್ಯಾಮ್, ಮೂರು ಎಣಿಕೆ, ಗಂಟೆ. ಗೆದ್ದವನ ಮುಖದಲ್ಲಿ ಗೆಲುವಿರಲಿಲ್ಲ. ಬಿದ್ದವನನ್ನು ಅವನು ನೋಡಿದ ನೋಟ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ. ಒಟ್ಟು ಒಂಬತ್ತು ನಿಮಿಷ ಚಿಲ್ಲರೆ.

ಈ ಒಂಬತ್ತು ನಿಮಿಷಕ್ಕೇ ನಾನು ಮತ್ತೆ ಮತ್ತೆ ಬರುತ್ತೇನೆ. ಗೋಲ್ಡ್‌ಬರ್ಗ್‌ನನ್ನು ಬೆಳೆಸಿದ್ದೇ ಚಿಕ್ಕ ಪಂದ್ಯಗಳ ಮೇಲೆ. 2016ರ ನವೆಂಬರ್‌ನಲ್ಲಿ ಬ್ರಾಕ್ ಲೆಸ್ನರ್‌ನನ್ನು ಅವನು ಕೆಡವಿದ್ದು ಒಂದೂವರೆ ನಿಮಿಷದೊಳಗೆ, ಜಗತ್ತೇ ಬಾಯಿ ಬಿಟ್ಟುಕೊಂಡು ನೋಡಿತು. 2017ರಲ್ಲಿ ಕಂಪನಿಯ ವರ್ಷದ ದೊಡ್ಡ ಕಾರ್ಯಕ್ರಮವಾದ ರೆಸಲ್‌ಮೇನಿಯಾದಲ್ಲಿ ಅದೇ ಲೆಸ್ನರ್ ಜೊತೆ ಐದು ನಿಮಿಷದೊಳಗೆ, ಅದೂ ಅದ್ಭುತ. ಜೆಡ್ಡಾ ಆದ ಎರಡು ತಿಂಗಳಿಗೆ ಡಾಲ್ಫ್ ಝಿಗ್ಲರ್ ಜೊತೆ ಎರಡು ನಿಮಿಷದೊಳಗೆ, ಜನ ಎದ್ದು ಕುಣಿದರು. ಅಂಡರ್‌ಟೇಕರ್ ಕಥೆಯೂ ಅಷ್ಟೇ. ಜೆಡ್ಡಾ ಆಗಿ ಐದು ವಾರಕ್ಕೆ ಫಿಲಡೆಲ್ಫಿಯಾದಲ್ಲಿ ರೋಮನ್ ರೇನ್ಸ್ ಜೊತೆಗೂಡಿ ಇಬ್ಬರ ವಿರುದ್ಧ ಇಬ್ಬರ ಪಂದ್ಯ ಆಡಿದ. ದಣಿದಾಗ ಹೊರಗೆ ನಿಲ್ಲಲು ಜಾಗವಿತ್ತು, ಭಾರ ಹೊರಲು ಜೊತೆಗಾರನಿದ್ದ, ಹಳೆಯ ಅಂಡರ್‌ಟೇಕರ್ ಎದ್ದು ಬಂದಂತಿತ್ತು. ಹಾಗಾದರೆ ಕೆಡಿಸಿದ್ದು ಯಾರು? ಅದೇ ಇಬ್ಬರು ಮನುಷ್ಯರು, ಅದೇ ವಯಸ್ಸು, ಅದೇ ವರ್ಷ. ಅವರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಪಂದ್ಯ ಕಟ್ಟುವವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಜೂನ್ ತಿಂಗಳ ಜೆಡ್ಡಾದ ಸೆಕೆಯಲ್ಲಿ, ಬಯಲು ಕ್ರೀಡಾಂಗಣದಲ್ಲಿ, ಇಬ್ಬರು ಭಾರಿ ಆಳುಗಳನ್ನು ಒಬ್ಬರಿಗೊಬ್ಬರು ಎತ್ತಿಕೊಳ್ಳುವಂತೆ ಬಿಟ್ಟರು.

ಏಕೆ ಬಿಟ್ಟರು ಎಂಬುದೇನೂ ಗುಟ್ಟಲ್ಲ. 2018ರಲ್ಲಿ ಡಬ್ಲ್ಯುಡಬ್ಲ್ಯುಇಗೆ ಸೌದಿಯ ಕ್ರೀಡಾ ಪ್ರಾಧಿಕಾರದ ಜೊತೆ ಹತ್ತು ವರ್ಷದ ಒಪ್ಪಂದ ಆಯಿತು. ಆಮೇಲಿನ ಅಲ್ಲಿನ ಕಾರ್ಯಕ್ರಮಗಳಲ್ಲಿ ಹಳೆಯ ಹೆಸರುಗಳ ಮೆರವಣಿಗೆಯೇ ನಡೆಯಿತು. ಅದೇ ವರ್ಷದ ನವೆಂಬರ್‌ನಲ್ಲಿ ರಿಯಾದ್‌ನಲ್ಲಿ ಅಂಡರ್‌ಟೇಕರ್ ಮತ್ತು ಕೇನ್ ಒಂದು ಕಡೆ, ಟ್ರಿಪಲ್ ಎಚ್ ಮತ್ತು ಎಂಟು ವರ್ಷದ ಹಿಂದೆಯೇ ನಿವೃತ್ತನಾಗಿದ್ದ ಶಾನ್ ಮೈಕಲ್ಸ್ ಇನ್ನೊಂದು ಕಡೆ. ಟ್ರಿಪಲ್ ಎಚ್‌ನ ಎದೆಯ ಸ್ನಾಯು ಪಂದ್ಯದ ನಡುವೆಯೇ ಹರಿದುಹೋಯಿತು. ಅಷ್ಟು ಕಣ್ಣೆದುರು ಇದ್ದೂ ಏಳು ತಿಂಗಳಿಗೆ ಜೆಡ್ಡಾದ ಈ ಪಂದ್ಯ.

ನನ್ನ ಹೊಟ್ಟೆ ಉರಿಯುವ ಇನ್ನೊಂದು ಸಂಗತಿಯಿದೆ. 2017ರ ಏಪ್ರಿಲ್ 2, ಒರ್ಲ್ಯಾಂಡೊ. ರೋಮನ್ ರೇನ್ಸ್ ಎದುರು ಸೋತ ಅಂಡರ್‌ಟೇಕರ್ ತನ್ನ ಕೈಗವಸು, ಕೋಟು, ಹ್ಯಾಟ್ ಬಿಚ್ಚಿ ರಿಂಗ್ ನಡುವೆ ಇಟ್ಟು ಹೋದ. ಅದೇ ರಾತ್ರಿ, ಅದೇ ರಿಂಗ್‌ನಲ್ಲಿ ಗೋಲ್ಡ್‌ಬರ್ಗ್ ಲೆಸ್ನರ್‌ಗೆ ಸೋತು ನಿರ್ಗಮಿಸಿದ್ದ. ನಾನು ಆವತ್ತು ಅತ್ತಿದ್ದೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಇಬ್ಬರಿಗೂ ಅಷ್ಟು ಚೆಂದದ ಬೀಳ್ಕೊಡುಗೆ ಒಂದೇ ದಿನ ಆಗಿತ್ತು. ಆ ಕೋಟನ್ನು ಅಲ್ಲೇ ಬಿಡಬೇಕಿತ್ತು.

‘ಯಾರೂ ಅವರ ಕೈ ಹಿಡಿದು ಎಳೆದು ತಂದಿಲ್ಲವಲ್ಲ, ಕೋಟಿಗಟ್ಟಲೆ ಹಣ ತೆಗೆದುಕೊಂಡಿದ್ದಾರೆ’ ಎನ್ನುತ್ತೀರಿ. ಒಪ್ಪಿದೆ. ಹಣ ತೆಗೆದುಕೊಂಡರು, ಒಪ್ಪಿಕೊಂಡರು. ಆದರೆ ರಿಂಗ್ ಏರಿದವನಿಗೆ ತನ್ನ ಕಾಲ ಮುಗಿಯಿತೆಂದು ತಿಳಿಯುವುದು ಎಲ್ಲರಿಗಿಂತ ಕೊನೆಗೆ. ನಮ್ಮ ಗರಡಿಗಳಲ್ಲಿ ಉಸ್ತಾದ್ ಇರುವುದು ಏತಕ್ಕೆ? ‘ಸಾಕು, ಇನ್ನು ನೀನು ಮಟ್ಟಿಗೆ ಇಳಿಯಬೇಡ, ಹುಡುಗರಿಗೆ ಕಲಿಸು’ ಎನ್ನಲು ಒಬ್ಬ ಬೇಕು. ಜೆಡ್ಡಾದಲ್ಲಿ ಆ ಮಾತು ಹೇಳಬೇಕಾಗಿದ್ದವರೇ ಟಿಕೆಟ್ ಮಾರಿದರು.

ಇನ್ನು ‘ಅಂಕಲ್, ಇದೆಲ್ಲ ನಾಟಕ ಅಲ್ಲವೇ’ ಎಂಬ ಮಾತು. ನಿನ್ನೆ ಆ ಹುಡುಗರಲ್ಲಿ ಒಬ್ಬ ಹೇಳಿಯೇ ಹೇಳಿದ. ಗದಾಯುದ್ಧದಲ್ಲಿ ಕೌರವನ ತೊಡೆ ಮುರಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಹಾಗೆಂದು ಯಕ್ಷಗಾನದ ಬಯಲಿನಿಂದ ನಡುರಾತ್ರಿ ಯಾರಾದರೂ ಎದ್ದು ಹೋಗುತ್ತಾರೆಯೇ? ಯಾರು ಗೆಲ್ಲಬೇಕೆಂಬುದು ಇಲ್ಲಿಯೂ ಮೊದಲೇ ನಿಶ್ಚಯ. ಬೀಳುವುದು ಮಾತ್ರ ನಿಜವಾದ ಬೀಳುವಿಕೆ. ಉಕ್ಕಿನ ತೊಲೆ, ಅದರ ಮೇಲೆ ಹಲಗೆ, ಅದರ ಮೇಲೆ ತೆಳ್ಳನೆಯ ಹಾಸು, ಕ್ಯಾನ್ವಾಸ್. 1999ರ ಡಿಸೆಂಬರ್‌ನಲ್ಲಿ ಇದೇ ಗೋಲ್ಡ್‌ಬರ್ಗ್ ಹಾಕಿದ ಒಂದು ಒದೆತ ಗುರಿ ತಪ್ಪಿ ಬ್ರೆಟ್ ಹಾರ್ಟ್‌ನ ತಲೆಗೆ ಬಿತ್ತು. ಆ ಪೆಟ್ಟಿನಿಂದಾಗಿ ಅಂಥ ಕಲಾವಿದನ ವೃತ್ತಿಯೇ ಮರುವರ್ಷ ಮುಗಿಯಿತು. ಆ ಒದೆತವೂ ನಾಟಕದ ಭಾಗವೇ ಆಗಿತ್ತು.

ಕೆಟ್ಟ ಪಂದ್ಯಗಳಲ್ಲೂ ಬಗೆಗಳಿವೆ. 2004ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಗೋಲ್ಡ್‌ಬರ್ಗ್ ಮತ್ತು ಲೆಸ್ನರ್ ಆಡಿದ್ದು ಕೆಟ್ಟ ಪಂದ್ಯ. ಇಬ್ಬರೂ ಕಂಪನಿ ಬಿಟ್ಟು ಹೋಗುತ್ತಿದ್ದಾರೆಂದು ಜನಕ್ಕೆ ಗೊತ್ತಾಗಿತ್ತು, ಇಬ್ಬರಿಗೂ ಆಡುವ ಮನಸ್ಸಿರಲಿಲ್ಲ, ಜನ ಉದ್ದಕ್ಕೂ ಕೂಗಿ ಹಂಗಿಸಿದರು. ಅದಕ್ಕೆ ನಗಿ, ನಾನೂ ನಗುತ್ತೇನೆ. ಜೆಡ್ಡಾದಲ್ಲಿ ಇಬ್ಬರಿಗೂ ಮನಸ್ಸಿತ್ತು. ನಮ್ಮ ಬಾಲ್ಯದ ಆ ಜಗಳಕ್ಕೆ ಉತ್ತರ ಕೊಡಬೇಕೆಂದೇ ಅವರು ಬಂದಿದ್ದರು. ದೇಹ ಕೇಳಲಿಲ್ಲ. ಇದಕ್ಕೆ ನನಗೆ ನಗು ಬರುವುದಿಲ್ಲ.

ಇಷ್ಟು ಬರೆದ ಮೇಲೆ ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ. ನನಗೆ ಹದಿಮೂರು, ತಮ್ಮನಿಗೆ ಹತ್ತು. ಹಿತ್ತಲಿನಲ್ಲಿ ಹುಲ್ಲಿನ ಮೆದೆ. ಅದರ ಪಕ್ಕದಲ್ಲಿ ಹುಲ್ಲು ಹಾಸಿ ನಾನು ಅಂಡರ್‌ಟೇಕರ್ ಆದೆ. ಅವನನ್ನು ತಲೆಕೆಳಗು ಮಾಡಿ ಎತ್ತಿದೆ. ನಾಲ್ಕು ಬೆರಳಿನ ಲೆಕ್ಕ ನನಗೆ ಆಗ ಗೊತ್ತಿರಲಿಲ್ಲ. ಅವನು ಅಳಲೂ ಇಲ್ಲ, ಬಾಯಿ ತೆರೆದುಕೊಂಡು ಸುಮ್ಮನೆ ಮಲಗಿದ್ದ. ಎಷ್ಟು ಹೊತ್ತೋ, ನನಗೆ ಅದು ಒಂದು ಯುಗ. ಆಮೇಲೆ ತಿಂಗಳುಗಟ್ಟಲೆ ಕತ್ತಿಗೆ ಪಟ್ಟಿ ಕಟ್ಟಿಕೊಂಡು ಓಡಾಡಿದ. ಪೇರಲೆ ಮರದಿಂದ ಬಿದ್ದೆನೆಂದು ಅವನೇ ಸುಳ್ಳು ಹೇಳಿ ನನ್ನನ್ನು ಉಳಿಸಿದ. ಅಮ್ಮ ತೀರಿಕೊಳ್ಳುವವರೆಗೂ ಅದನ್ನೇ ನಂಬಿದ್ದಳು.

ನಿನ್ನೆ ರಾತ್ರಿ ಪಂದ್ಯ ನೋಡಿ ಮುಗಿಸಿ ಅವನಿಗೆ ಫೋನ್ ಮಾಡಿದೆ. ಮಲಗುವ ಹೊತ್ತಾಗಿತ್ತು. ‘ಜೆಡ್ಡಾದ ಆ ಪಂದ್ಯ ನೋಡಿದ್ದೀಯಾ?’ ಎಂದು ಕೇಳಿದೆ. ‘ಅರ್ಧ ನೋಡಿದೆ ಅಣ್ಣ’ ಎಂದ. ‘ಜಾಕ್‌ಹ್ಯಾಮರ್ ತಪ್ಪಿತಲ್ಲ, ಅಲ್ಲಿಗೆ ಆರಿಸಿಬಿಟ್ಟೆ. ಕೊನೆಗೆ ಗೆದ್ದಿದ್ದು ಯಾರು?’